ಹಸಿರು ಟೋಪಿಯ ಹರಕೆ

ಓಟ್ಮಾರ್ ಲಾಂಗರ್ ಪ್ರೊಫೆಸರ್ ಆದದ್ದು ಸೆಪ್ಟೆಂಬರ್ ಮೂವತ್ತನೇ ತಾರೀಖು ಬೆಳಿಗ್ಗೆ ಎಂಟೂಕಾಲಿಗೆ. ಅದಕ್ಕೆ ಮೊದಲು ಮೂವತ್ತನಾಲ್ಕು ವರ್ಷ ಅವನು ಲಿಂಟ್ಸ್ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಗುಮಾಸ್ತನಾಗಿದ್ದ. ಛತ್ರಿ, ಊರುಗೋಲು, ಕಟ್ಟಿಸಿದ ಹಲ್ಲು, ಒಮ್ಮೆ ಒಂದು ಜೀವಂತ ಬಾತುಕೋಳಿ, ಎಲ್ಲಕ್ಕೂ ನಂಬರು ಹಾಕಿ ಕಾಪಾಡಿದ ಮನುಷ್ಯ. ಅಂಥವನು ಟಿರೋಲ್ ಬೆಟ್ಟದ ಒಂದು ಹಳ್ಳಿಯ ವಸತಿಗೃಹದಲ್ಲಿ ಅತಿಥಿಗಳು ಹೆಸರು ಬರೆಯುವ ದಪ್ಪ ಪುಸ್ತಕದ 'ಉದ್ಯೋಗ' ಎಂಬ ಖಾನೆ ಕಂಡಾಗ ಒಂದು ಗಳಿಗೆ ಪೆನ್ನು ತಡೆದು, ಆಮೇಲೆ ದುಂಡಗೆ ಬರೆದ: 'ಪ್ರೊಫೆಸರ್, ಪ್ರಾಚೀನ ಚಿತ್ರಕಲೆ.'

ಅವನನ್ನು ತೀರಾ ಬೈಯಬೇಡಿ. ನಮ್ಮ ಆಸ್ಟ್ರಿಯಾದಲ್ಲಿ ಹೆಸರಿನ ಮುಂದೆ ಒಂದು ಬಿರುದಿಲ್ಲದವನಿಗೆ ಕಾಫಿ ಕೂಡ ಬಿಸಿಯಾಗಿ ಸಿಗುವುದಿಲ್ಲ. ಜೊತೆಗೆ ಅವನು ಹೊರಟದ್ದೂ ಕಲಾಯಾತ್ರೆಗೇ. ವೆರೋನಾ, ವೆನಿಸ್, ದಾರಿಯಲ್ಲಿ ಸಿಕ್ಕ ಚರ್ಚುಗಳು, ಒಟ್ಟು ಎಂಟು ದಿನ. ಕೈಯಲ್ಲೊಂದು ಮಾರ್ಗದರ್ಶಿ ಪುಸ್ತಕ, ತಲೆಯ ಮೇಲೆ ಗರಿ ಸಿಕ್ಕಿಸಿದ ಹಸಿರು ಟೋಪಿ. ಟೋಪಿಯ ಒಳಪಟ್ಟಿಯಲ್ಲಿ ಮಾಸದ ಶಾಯಿಯಲ್ಲಿ ಅವನ ಹೆಸರು, ವಿಳಾಸ. ಮೂವತ್ತನಾಲ್ಕು ವರ್ಷ ಅನಾಥ ಟೋಪಿಗಳ ಗೋಳು ಕಂಡವನು ಇನ್ನೇನು ಮಾಡಿಯಾನು?

ಜೊತೆಗೆ ಬಂದವನು ಗೆಳೆಯ ಕಿಲಿಯನ್. ನಿವೃತ್ತ ಕ್ಷೌರಿಕ, ಮದುವೆಯಾಗದವನು. ಚಿಕ್ಕಂದಿನಲ್ಲಿ ತ್ರಿಯೆಸ್ತ್‌ನಲ್ಲಿ ಕಸುಬು ಕಲಿತಿದ್ದರಿಂದ ಇಟಾಲಿಯನ್ ಭಾಷೆ ಬರುತ್ತಿತ್ತು. ತಲೆತುಂಬ ಬೆಳ್ಳಿಯಂಥ ಕೂದಲು. ಅದರ ಮೇಲೆ ನಲವತ್ತು ವರ್ಷದಲ್ಲಿ ಒಂದು ದಿನವೂ ಟೋಪಿ ಇಟ್ಟವನಲ್ಲ. "ಟೋಪಿ ಅನ್ನೋದು ಕ್ಷೌರಿಕನ ಶತ್ರು ಕಣೋ" ಎಂಬುದು ಅವನ ವೇದವಾಕ್ಯ.

ಪ್ರೊಫೆಸರ್ ಪದವಿಯ ಮೊದಲ ಫಲ ಹನ್ನೊಂದು ಗಂಟೆಗೆ ಬಂತು. ಬೆಟ್ಟದ ಮೇಲಿನ ಯಾತ್ರಾ ಚರ್ಚನ್ನು ಗುಡಿಸಿ ಕಾಯುವ ವಿಧವೆ ನೋಟ್‌ಬುರ್ಗಾ, ಕೈಯಲ್ಲಿ ಬೀಗದಕೈ ಗೊಂಚಲು ಹಿಡಿದು ವಸತಿಗೃಹಕ್ಕೇ ಬಂದುಬಿಟ್ಟಳು.

"ಪ್ರೊಫೆಸರ್ರೇ, ದೇವರೇ ನಿಮ್ಮನ್ನ ಕಳ್ಸಿದಾನೆ. ನಮ್ಮ ಹರಕೆ ಹಲಗೆಗಳನ್ನ ಒಂದ್ಸಲ ನೋಡ್ಬಿಡಿ. ಒಂದು ಹಲಗೆ ನಂಗೆ ಅರ್ಥ ಆಗ್ತಿಲ್ಲ."

ಕಿಲಿಯನ್ ಇನ್ನೂ ಮಲಗಿದ್ದ. ಓಟ್ಮಾರ್ ಒಬ್ಬನೇ ಗಂಟಲು ಸರಿಮಾಡಿಕೊಂಡು ಹೊರಟ.

ಆ ಬೆಟ್ಟದ ಸೀಮೆಯಲ್ಲಿ ಯಾರಾದರೂ ಸಾವಿನ ಬಾಯಿಂದ ಪಾರಾಗಿ ಬಂದರೆ ಮಾತೆ ಮರಿಯಳಿಗೆ ಒಂದು ಸಣ್ಣ ಹಲಗೆಯ ಮೇಲೆ ಆ ಘಟನೆಯ ಚಿತ್ರ ಬರೆಸಿ ಒಪ್ಪಿಸುತ್ತಾರೆ. ಮರದಿಂದ ಬಿದ್ದವನು, ಹೋರಿ ತಿವಿದವನು, ಹಿಮದಲ್ಲಿ ಹೂತುಹೋದವನು, ಮೇಲೆ ಮೋಡದಲ್ಲಿ ಕೂತು ನೋಡುತ್ತಿರುವ ಮಾತೆ, ಕೆಳಗೆ ತಾರೀಖು. ಚಿತ್ರದಲ್ಲಿ ಯಾರಾದರೂ ಉಳಿಯದೆ ಹೋಗಿದ್ದರೆ ಅವನ ತಲೆಯ ಮೇಲೆ ಒಂದು ಪುಟ್ಟ ಕೆಂಪು ಶಿಲುಬೆ. ಇದು ಅಲ್ಲಿನ ಹಸುಳೆಗೂ ಗೊತ್ತು.

ನೋಟ್‌ಬುರ್ಗಾ ತೋರಿಸಿದ ಹಲಗೆಯಲ್ಲಿ ನೀರಿತ್ತು. ಒಂದು ದೋಣಿ ಮಗುಚುತ್ತಿತ್ತು. ಅದರಲ್ಲಿ ಹುಟ್ಟು ಹಾಕುವವನನ್ನು ಬಿಟ್ಟರೆ ಇಬ್ಬರು. ಒಬ್ಬ ಬರಿದಲೆಯವನು. ಇನ್ನೊಬ್ಬನ ತಲೆಯ ಮೇಲೆ ಗರಿಯಿದ್ದ ಹಸಿರು ಟೋಪಿ, ಟೋಪಿಯ ಮೇಲೆ ಕೆಂಪು ಶಿಲುಬೆ. ಮುಖಗಳೆಂದರೆ ಕಡಲೆಕಾಳಿನಷ್ಟು ಗುಲಾಬಿ ಚುಕ್ಕೆಗಳು.

ಓಟ್ಮಾರ್ ಕನ್ನಡಕ ಏರಿಸಿದ. ವಿದ್ವಾಂಸರು ಏನೂ ತೋಚದಾಗ ಮಾಡುವಂತೆ ಎರಡು ಹೆಜ್ಜೆ ಹಿಂದೆ ಹೋಗಿ, ಒಂದು ಹೆಜ್ಜೆ ಮುಂದೆ ಬಂದ. "ಕನಿಷ್ಠ ಇನ್ನೂರು ವರ್ಷ ಹಳೇದು. ಈ ನೀರಿನ ಬಣ್ಣ ನೋಡಿ, ಇದನ್ನ ಈಗ ಯಾರಿಗೂ ಮಾಡಕ್ಕೆ ಬರಲ್ಲ" ಎಂದು ಹೆಬ್ಬೆರಳಿನಿಂದ ಸವರಿದ.

ಹೆಬ್ಬೆರಳು ನೀಲಿಯಾಯಿತು.

"ಅದೇ ನಂಗೂ ಅರ್ಥ ಆಗ್ದಿರೋದು" ಎಂದಳು ನೋಟ್‌ಬುರ್ಗಾ. "ಬಣ್ಣ ಇನ್ನೂ ಹಸಿ. ನಿನ್ನೆ ಸಂಜೆ ಬೀಗ ಹಾಕಿದಾಗ ಇದು ಇರ್ಲಿಲ್ಲ. ಬೆಳಿಗ್ಗೆ ಬೀಗ ತೆಗೆದ್ರೆ ಗೋಡೇಲಿತ್ತು. ಅದೂ ಹೋಗ್ಲಿ, ತಾರೀಖು ಓದಿ."

ಓಟ್ಮಾರ್ ಓದಿದ. ಅಕ್ಟೋಬರ್ ಆರು. ಈ ವರ್ಷದ್ದೇ. ಇನ್ನೂ ಆರು ದಿನ ಇತ್ತು.

"ಪ್ರೊಫೆಸರ್ರೇ," ಅವಳು ಅವನ ತಲೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು, "ನಿಮ್ಮ ಟೋಪಿ ಎಲ್ಲಿ ಕೊಂಡಿದ್ದು?"

ಪ್ರಾಚೀನ ಚಿತ್ರಕಲೆಯ ಪ್ರೊಫೆಸರ್ ಬೆಟ್ಟ ಇಳಿದ ರೀತಿಯನ್ನು ದಾರಿಯಲ್ಲಿದ್ದ ಮೇಕೆಗಳು ಮೆಚ್ಚಿಕೊಂಡಿರಬೇಕು. ಕೋಣೆಗೆ ಬಂದು ಬಾಗಿಲು ಹಾಕಿ, ಟೋಪಿಯನ್ನು ಮಂಚದ ಮೇಲಿಟ್ಟು, ಎದುರಿಗೆ ಕೂತ. ಟೋಪಿ ಅವನನ್ನೇ ನೋಡುತ್ತಿದೆಯೆನಿಸಿತು. ಅಲ್ಲೇ ಬಿಟ್ಟುಹೋಗೋಣವೆಂದರೆ ಒಳಪಟ್ಟಿಯಲ್ಲಿ ವಿಳಾಸ. ಮೂರನೇ ದಿನ ಅಂಚೆಯಲ್ಲಿ ಮನೆಗೆ ಬರುತ್ತದೆ. ಸುಟ್ಟುಹಾಕೋಣವೆಂದರೆ ಕೈ ಬರಲಿಲ್ಲ, ಸರ್ಕಾರಿ ನೌಕರ. ಆಗ ಅವನಿಗೆ ಒಂದು ಯೋಚನೆ ಬಂತು. ಅದು ಹೇಡಿಯ ಯೋಚನೆ, ಅದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮುಖಗಳು ಕಡಲೆಕಾಳಿನಷ್ಟಿದ್ದವು. ಸಾಯಬೇಕಾದವನನ್ನು ಗುರುತು ಹಿಡಿಯಲು ಇದ್ದದ್ದು ಟೋಪಿಯೊಂದೇ.

ಮಧ್ಯಾಹ್ನ ಕಿಲಿಯನ್ ಕೂಡ ಬೆಟ್ಟ ಹತ್ತಿ ಮೇಣದಬತ್ತಿ ಹಚ್ಚಿ ಬಂದ. ಸಪ್ಪಗಿದ್ದ. ಓಟ್ಮಾರ್ ಅದನ್ನು ಗಮನಿಸಲಿಲ್ಲ. ಅವನಿಗೆ ತನ್ನ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು.

ಮಾರನೇ ದಿನ ರೈಲು ಬ್ರೆನ್ನರ್ ಕಣಿವೆ ದಾಟಿ ಇಳಿಯುತ್ತಿತ್ತು. ಕಿಟಕಿಯ ಹೊರಗೆ ದ್ರಾಕ್ಷಿ ಚಪ್ಪರಗಳು, ಬಂಡೆಯ ತುದಿಯಲ್ಲಿ ಕೋಟೆಗಳು. ಓಟ್ಮಾರ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ಕಿಲಿಯನ್, ಈ ಟೋಪಿ ನಿಂಗೇ ಚೆನ್ನಾಗಿ ಕಾಣುತ್ತೆ ಕಣೋ. ಇಟ್ಕೋ. ನನ್ನ ನೆನಪಿಗೆ."

"ನಿನ್ನ ನೆನಪಿಗಾ? ಎಲ್ಲಿಗೆ ಹೊರಟೆ ನೀನು?"

"ಎಲ್ಲಿಗೂ ಇಲ್ಲ. ಸ್ನೇಹಕ್ಕೆ ಅಂದೆ."

ಕಿಲಿಯನ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದುಕೊಂಡು, ನಲವತ್ತು ವರ್ಷದ ವ್ರತ ಮುರಿದು, ತಲೆಯ ಮೇಲೆ ಇಟ್ಟುಕೊಂಡ. "ಸರಿಹೋಯ್ತು ನೋಡು" ಎಂದ.

ಆ ಕ್ಷಣದಲ್ಲಿ ಟಿಕೆಟ್ ನೋಡುವವನು ಬಂದ. ಎರಡು ಟಿಕೆಟ್ ತೂತು ಹಾಕಿ, ಕೈ ಚಾಚಿಯೇ ನಿಂತ. ಕಿಲಿಯನ್ ಏನೋ ಕೇಳಿದ, ಅವನು ಏನೋ ಹೇಳಿದ.

"ಏನಂತೆ?" ಎಂದ ಓಟ್ಮಾರ್.

"ಮೂರನೇ ಟಿಕೆಟ್ ಎಲ್ಲಿ ಅಂತಿದಾನೆ."

"ಮೂರನೇದಾ? ಹಗಲುಹೊತ್ತೇ ಕುಡಿದಿದಾನಾ?"

ಟಿಕೆಟ್ ನೋಡುವವನು ಓಟ್ಮಾರನ ಪಕ್ಕದ ಖಾಲಿ ಜಾಗವನ್ನು ಇನ್ನೊಮ್ಮೆ ದಿಟ್ಟಿಸಿ, ಹಣೆ, ಎದೆ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋದ. ಖಾಲಿ ಜಾಗದ ಸೀಟು ಸ್ವಲ್ಪ ಒದ್ದೆಯಿತ್ತು. ಕಿಟಕಿ ಸೋರುತ್ತಿರಬೇಕು ಎಂದುಕೊಂಡ ಓಟ್ಮಾರ್. ಹೊರಗೆ ಬಿಸಿಲು ಕಾಯುತ್ತಿತ್ತು.

ವೆರೋನಾದ ಚಿತ್ರಶಾಲೆಯಲ್ಲಿ ಕಲಾರಾಧನೆ ಶುರುವಾಯಿತು. ಓಟ್ಮಾರ್ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದ. ಪುಟ ಮಾತ್ರ ಎರಡು ಚಿತ್ರ ಹಿಂದೆ ಉಳಿದಿರುತ್ತಿತ್ತು. "ಇಲ್ಲಿ ನಾವು ಪುತ್ರಶೋಕದಿಂದ ಬಳಲುವ ತಾಯಿಯನ್ನು ಕಾಣುತ್ತೇವೆ" ಎಂದು ಅವನು ಓದಿದ್ದು ಒಂದು ಬುಟ್ಟಿ ಸೇಬಿನ ಚಿತ್ರದ ಎದುರಿಗೆ. ಕಿಲಿಯನ್‌ಗೆ ಪುಸ್ತಕ ಬೇಕಿರಲಿಲ್ಲ. ಅವನು ಚಿತ್ರಗಳನ್ನು ಕೂದಲಿನಿಂದ ಅಳೆಯುವವನು. "ಈ ಸಂತನ ಗಡ್ಡ ಬಲಗಡೆ ಜಾಸ್ತಿಯಾಗಿದೆ. ಕತ್ತರಿಸಿದವನು ಎಡಗೈಯವನು" ಎನ್ನುವನು. "ಈ ರಾಜನಿಗೆ ಹೊಟ್ಟು. ಪಾಪ, ರಾಜ್ಯಭಾರ ಮಾಡೋದು ಹೇಗೆ?"

ಬೇರೆ ದಿನವಾಗಿದ್ದರೆ ಓಟ್ಮಾರ್ ನಗುತ್ತಿದ್ದ. ಈಗ ಅವನಿಗೆ ಎಲ್ಲ ಚಿತ್ರದಲ್ಲೂ ತಲೆಗಳ ಮೇಲೆ ಕೆಂಪು ಚುಕ್ಕೆ ಹುಡುಕುವುದೇ ಕೆಲಸವಾಗಿತ್ತು. ಒಂದು ದೊಡ್ಡ ಸಂತೆಯ ಚಿತ್ರದೆದುರು ಮೂಗು ತಾಗಿಸಿ ನಿಂತಿದ್ದಾಗ ಕಾವಲಿನ ಹೆಂಗಸು ಓಡಿಬಂದು ಗದರಿದಳು.

"ಚಿತ್ರಕ್ಕೆ ಉಸಿರು ತಾಗುತ್ತಂತೆ, ಹಿಂದೆ ಸರಿ ಅಂತಿದಾಳೆ" ಎಂದ ಕಿಲಿಯನ್. "ಇನ್ನೊಂದು ಮಾತೂ ಅಂದ್ಳು."

"ಏನು?"

"ನಿಮ್ಮ ಜೊತೆಯವರಿಗೆ ಹೇಳಿ, ನೆಲದ ಮೇಲೆ ನೀರು ತೊಟ್ಟಿಕ್ಕಿಸ್ಬಾರ್ದು ಅಂತ."

ಇಬ್ಬರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಒಣಗಿದ್ದವು. ಕೋಣೆಯ ಆಚೆ ಬಾಗಿಲಿಂದ ಅವರ ಹಿಂಬದಿಯವರೆಗೆ ಮಾತ್ರ ಒಂದು ಸಾಲು ಹೆಜ್ಜೆ ಗುರುತು, ಒದ್ದೆ. ಕಾವಲಿನ ಹೆಂಗಸು ಗೊಣಗುತ್ತಾ ಬಟ್ಟೆ ತಂದು ಒರೆಸಿದಳು. ಇಟಲಿಯಲ್ಲಿ ನಲ್ಲಿಗಳೆಲ್ಲ ಸೋರುತ್ತವೆ ಎಂದು ಓಟ್ಮಾರ್ ಒಂದು ಕಾಲು ಗಂಟೆ ಭಾಷಣ ಮಾಡಿದ. ಕಿಲಿಯನ್ ಹೂಂಗುಟ್ಟಿದ.

ವೆನಿಸ್‌ಗೆ ಹೋಗಿ ದೋಣಿ ಹತ್ತದೆ ಬಂದ ಮಹಾನುಭಾವರ ಪಟ್ಟಿ ಇದ್ದರೆ ಅದರಲ್ಲಿ ಓಟ್ಮಾರನ ಹೆಸರು ಮೊದಲಿರಬೇಕು. ಅವನು ಗೆಳೆಯನನ್ನು ಮೂರು ದಿನ ಸಂದಿಗೊಂದಿಯಲ್ಲಿ ನಡೆಸಿಯೇ ಕೊಂದ. ಸೇತುವೆಯ ಮೇಲೆ ಹೋಗುವಾಗ ಅವನ ಕೋಟಿನ ಹಿಂಬದಿ ಹಿಡಿದುಕೊಳ್ಳುತ್ತಿದ್ದ. ದೋಣಿಯವರು ಕರೆದರೆ ಕಲ್ಲು ಹೊಡೆಯುವವನ ಹಾಗೆ ನೋಡುತ್ತಿದ್ದ. ಸ್ನಾನದ ತೊಟ್ಟಿಯಲ್ಲೂ ನೀರು ಮೊಣಕಾಲಿಗಿಂತ ಮೇಲೆ ಬೇಡ ಎಂದು ಬಾಗಿಲ ಹೊರಗೆ ನಿಂತು ಕೂಗುತ್ತಿದ್ದ. ಟೋಪಿ ಕೊಟ್ಟ ದಿನದಿಂದ ಅವನಿಗೆ ಗೆಳೆಯನ ಮೇಲೆ ಹುಟ್ಟಿದ ಈ ಮಮತೆ ನೋಡಿದವರಿಗೆ ಕಣ್ಣೀರು ಬರಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಯಾರೂ ಏನೂ ಅನ್ನದೆ ದಿನಕ್ಕೆ ನೂರು ಸಲ ಮುಟ್ಟಿಕೊಳ್ಳುತ್ತಿದ್ದ.

ಊಟಕ್ಕೆ ಕೂತರೆ ಬಡಿಸುವವಳು ಮೂರು ತಟ್ಟೆ ಇಡುತ್ತಿದ್ದಳು. ಒಂದು ಸಲ ಓಟ್ಮಾರ್ ಮೂರನೆಯದನ್ನು ಕೈಯಿಂದ ದೂಡಿದ. ಅವಳು ಮುಖ ಗಂಟಿಕ್ಕಿಕೊಂಡು ಕಿಲಿಯನ್‌ಗೆ ಏನೋ ಅಂದಳು.

"ಏನಂತೆ ಅವಳದ್ದು?"

"ಅವರು ಕೈ ತೊಳೆಯಕ್ಕೆ ಹೋಗಿದಾರೆ, ಬಂದು ತಿನ್ನಲ್ವಾ ಅಂತಿದಾಳೆ." ಕಿಲಿಯನ್ ಟೋಪಿ ಸರಿಮಾಡಿಕೊಂಡು ಸೂಪು ಕುಡಿಯತೊಡಗಿದ. ಓಟ್ಮಾರ್ ತನ್ನ ಮೀನಿನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದ.

ಅಕ್ಟೋಬರ್ ಐದರಂದು ಅಂಚೆ ಕಚೇರಿಯಿಂದ ಮನೆಗೆ ಫೋನು ಮಾಡಿದ. ಹೆಂಡತಿ ವಾಲಿ ಆಚೆ ಕಡೆಯಿಂದ ಕಿರುಚಿದಳು. ದೂರದ ಊರಿಗೆ ಗಟ್ಟಿಯಾಗಿ ಮಾತಾಡಬೇಕೆಂಬುದು ಅವಳ ನಂಬಿಕೆ.

"ಟೋಪಿ ಕಿಲಿಯನ್‌ಗೆ ಕೊಟ್ಟ್ಯಾ? ನೀನಾ? ಮದುವೆಯಾಗಿ ಮೂವತ್ತು ವರ್ಷಕ್ಕೆ ನಂಗೆ ಒಂದು ಕರ್ಚೀಫು ಕೊಟ್ಟೋನಲ್ಲ! ಓಟ್ಮಾರ್, ನಿಜ ಹೇಳು, ಜ್ವರ ಬಂದಿದ್ಯಾ?"

"ಜ್ವರ ಇಲ್ಲ ವಾಲಿ. ಮನೆ ಕಡೆ ಎಲ್ಲಾ ಸರಿಯಾಗಿದ್ಯಾ?"

"ಎಲ್ಲಿ ಸರಿ! ನಿನ್ನೆ ನಿನ್ನ ಸ್ನೇಹಿತ್ರು ಯಾರೋ ಬಂದಿದ್ರು. ಮೈಯೆಲ್ಲಾ ಒದ್ದೆ. ಆಗಷ್ಟೇ ಒರೆಸಿದ ನೆಲ, ಕೆರೆ ಮಾಡಿಟ್ಟು ಹೋದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. ನಿನ್ನ ಟೋಪಿ ಅಳತೆ ಎಷ್ಟು ಅಂತ ಕೇಳಿದ್ರು."

"ನೀನೇನಂದೆ?"

"ಐವತ್ತೆಂಟು ಅಂದೆ. 'ನಂಗೆ ಸರಿಹೋಗುತ್ತೆ' ಅಂದ್ಬಿಟ್ಟು ಹೋದ್ರು. ಎಂಥೆಂಥ ಜನ ನಿನ್ನ ಸ್ನೇಹಿತ್ರು!"

ಓಟ್ಮಾರ್ ಫೋನನ್ನು ತಲೆಕೆಳಗಾಗಿ ಇಟ್ಟು ಹೊರಗೆ ಬಂದ. ಮೆಟ್ಟಿಲ ಮೇಲೆ ಕಿಲಿಯನ್ ಕೂತು ಪಾರಿವಾಳಗಳಿಗೆ ಬ್ರೆಡ್ಡು ಹಾಕುತ್ತಿದ್ದ. ಹಸಿರು ಟೋಪಿಯ ಗರಿ ಗಾಳಿಗೆ ಅಲ್ಲಾಡುತ್ತಿತ್ತು. ಎಲ್ಲ ಹೇಳಿಬಿಡಬೇಕೆಂದು ಓಟ್ಮಾರ್ ಅವನ ಪಕ್ಕ ಹೋಗಿ ಕೂತ. ಬಾಯಿ ತೆರೆದ. "ನಾಳೆ ಬೆಳಿಗ್ಗೆ ಮೊದಲನೇ ರೈಲಿಗೆ ಊರಿಗೆ ಹೋಗೋಣ" ಅಷ್ಟೇ ಹೊರಬಂತು. ಆರನೇ ತಾರೀಖನ್ನು ಇಡೀ ರೈಲಿನಲ್ಲಿ ಕಳೆದರೆ ದೋಣಿ ಎಲ್ಲಿಂದ ಬರಬೇಕು, ಎಂಬುದು ಅವನ ಲೆಕ್ಕ.

ಮೂವತ್ತನಾಲ್ಕು ವರ್ಷ ರೈಲ್ವೆಯ ಅನ್ನ ತಿಂದ ಓಟ್ಮಾರ್, ಮಾರನೇ ದಿನ ಬೆಳಿಗ್ಗೆ, ಸರಿಯಾದ ಹೊತ್ತಿಗೆ, ತಪ್ಪು ರೈಲು ಹತ್ತಿದ. ಉತ್ತರಕ್ಕೆ ಹೋಗಬೇಕಾದದ್ದು ಪಶ್ಚಿಮಕ್ಕೆ ಹೋಯಿತು. ಸಾಲದ್ದಕ್ಕೆ ಅವತ್ತು ರೈಲ್ವೆಯವರು ಮುಷ್ಕರ ಹೂಡಿದ್ದರು. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಎಂಜಿನ್ ಚಾಲಕ ರೈಲು ನಿಲ್ಲಿಸಿ, ಊಟದ ಡಬ್ಬಿ ಹಿಡಿದು ಇಳಿದುಹೋದ. ಓಟ್ಮಾರ್ ಕಿಟಕಿಯಿಂದ ಇಣುಕಿದ. ಕಣ್ಣು ಹಾಯುವಷ್ಟು ದೂರ ನೀಲಿ. ಗಾರ್ದಾ ಸರೋವರ. ಅದೇ ನೀಲಿ ಆರು ದಿನ ತಿಕ್ಕಿ ತೊಳೆದರೂ ಅವನ ಹೆಬ್ಬೆರಳಿನ ಉಗುರ ಸಂದಿಯಿಂದ ಹೋಗಿರಲಿಲ್ಲ.

ದಂಡೆಯಲ್ಲಿ ಒಬ್ಬ ಮುದುಕ, ದಾರಿತಪ್ಪಿದ ಪ್ರಯಾಣಿಕರನ್ನು ಉತ್ತರದ ಊರಿಗೆ ದಾಟಿಸುತ್ತೇನೆಂದು ಕೂಗುತ್ತಿದ್ದ.

"ನಡ್ಕೊಂಡು ಹೋಗೋಣ" ಎಂದ ಓಟ್ಮಾರ್.

"ಎಲ್ಲಿಗೆ, ಲಿಂಟ್ಸ್‌ಗಾ?" ಕಿಲಿಯನ್ ಇಬ್ಬರ ಪೆಟ್ಟಿಗೆಗಳನ್ನೂ ದೋಣಿಗೆ ಎಸೆದು ತಾನೂ ಹತ್ತಿದ. "ನೀನು ಬಸ್ಸು ಹುಡುಕ್ಕೊಂಡು ಬಾ. ನಾನು ಸಾಮಾನು ತೊಗೊಂಡು ಹೋಗಿರ್ತೀನಿ."

"ಇಳಿಯೋ ಕೆಳಗೆ!"

"ಇಳಿಯಲ್ಲ. ನೀನು ಬರ್ಬೇಡ. ದಯವಿಟ್ಟು ನೀನು ಬರ್ಬೇಡ ಓಟ್ಮಾರ್." ಅವನ ದನಿ ಯಾಕೋ ಬೇರೆಯಾಗಿತ್ತು. "ಹೊರಡಪ್ಪಾ" ಎಂದು ಮುದುಕನಿಗೆ ಕೈಮಾಡಿದ.

ದೋಣಿ ಒಂದು ಮಾರು ಸರಿಯಿತು. ಹಸಿರು ಟೋಪಿ ದೂರ ಹೋಗುತ್ತಿತ್ತು. ನಮ್ಮ ಓಟ್ಮಾರ್ ಧೀರನಲ್ಲ. ಜೀವಮಾನದಲ್ಲಿ ನಾಯಿ ಬೊಗಳಿದರೆ ರಸ್ತೆ ದಾಟಿದವನು. ಈಜು ಬಾರದು. ಅಂಥವನು ಕೋಟು ಬೂಟು ಕನ್ನಡಕ ಸಮೇತ ದಂಡೆಯಿಂದ ಹಾರಿದ. ಅರ್ಧ ನೀರಿಗೆ, ಅರ್ಧ ದೋಣಿಗೆ ಬಿದ್ದ. ಮುದುಕ ಕತ್ತುಪಟ್ಟಿ ಹಿಡಿದು ಒಳಗೆಳೆದುಕೊಂಡು, ಹುಟ್ಟು ಹಾಕುತ್ತಲೇ ಇದ್ದ.

ಕಿಲಿಯನ್ ತಲೆ ಚಚ್ಚಿಕೊಂಡ. "ಅಯ್ಯೋ ಮುಟ್ಠಾಳ! ಯಾಕೋ ಬಂದೆ? ಒಬ್ಬನೇ ಹೋದ್ರೆ ಚಿತ್ರ ಸುಳ್ಳಾಗ್ತಿತ್ತಲ್ಲೋ! ಅದ್ರಲ್ಲಿ ದೋಣಿಯವನ ಬಿಟ್ಟು ಇಬ್ರಿದ್ರು!"

ಓಟ್ಮಾರ್ ಕನ್ನಡಕದ ನೀರು ಒರೆಸಿಕೊಂಡ. "ಚಿತ್ರ... ನೀನು..."

"ಅವತ್ತೇ ಮಧ್ಯಾಹ್ನ ನೋಟ್‌ಬುರ್ಗಾ ನಂಗೂ ತೋರಿಸಿದ್ಳು. 'ಪ್ರೊಫೆಸರ್ರು ಓಡಿಹೋದ್ರು' ಅಂದ್ಳು."

"ಗೊತ್ತಿದ್ದೂ ಟೋಪಿ ಹಾಕ್ಕೊಂಡ್ಯಾ?"

"ನಿಂಗೆ ವಾಲಿ ಇದಾಳೆ. ನಂಗ್ಯಾರಿದಾರೆ, ಎರಡು ಕತ್ತರಿ ಒಂದು ಬಾಚಣಿಗೆ."

ಅಷ್ಟು ಹೊತ್ತಿಗೆ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ನೀಲಿ ಕಪ್ಪಾಯಿತು. ಓಟ್ಮಾರ್ ಮೇಲೆದ್ದು, "ಕೊಡೋ ಟೋಪಿ! ನನ್ನ ಟೋಪಿ ನಂಗೆ ಕೊಡು!" ಎಂದು ಕೈ ಹಾಕಿದ. "ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೋ ನಾಚಿಕೆಗೆಟ್ಟೋನೆ!" ಎಂದು ಕಿಲಿಯನ್ ಎರಡೂ ಕೈಯಿಂದ ಹಿಡಿದುಕೊಂಡ. ಅರವತ್ತು ದಾಟಿದ ಇಬ್ಬರು, ನಡುನೀರಿನಲ್ಲಿ, ಸಾಯುವ ಹಕ್ಕಿಗಾಗಿ ಚಿಕ್ಕಮಕ್ಕಳ ಹಾಗೆ ಟೋಪಿ ಎಳೆದಾಡಿದರು. ಮುದುಕ ಕೂತ್ಕೊಳ್ಳಿ ಎಂದು ಅರಚಿದ. ದೋಣಿ ಒಮ್ಮೆ ಈ ಕಡೆ ವಾಲಿತು, ಒಮ್ಮೆ ಆ ಕಡೆ ವಾಲಿತು, ಮಗುಚಿತು.

ನೀರಿನ ಕೆಳಗೆ ಓಟ್ಮಾರ್ ಕಂಡದ್ದನ್ನು ಆಮೇಲೆ ಯಾರಿಗೂ ಹೇಳಲಿಲ್ಲ. ಟೋಪಿ ಅವನ ಕೈಯಿಂದ ಜಾರಿತು. ಜಾರಲಿಲ್ಲ, ಯಾರೋ ಮೆತ್ತಗೆ ಬಿಡಿಸಿಕೊಂಡರು.

ಮೀನುಗಾರರು ಎಳೆದು ದಂಡೆಗೆ ಹಾಕಿದಾಗ ಮುದುಕ ಎದೆ ಬಡಿದುಕೊಳ್ಳುತ್ತಿದ್ದ. ಪೊಲೀಸ್ ಠಾಣೆಯಲ್ಲಿ ಕಂಬಳಿ ಹೊದಿಸಿ, ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ದಫೇದಾರ ಜೊರ್ಜೆತ್ತಿ ದಪ್ಪ ಮೀಸೆಯ, ನಿಧಾನ ಬರವಣಿಗೆಯ ಮನುಷ್ಯ. ಒಂದೊಂದೇ ಪ್ರಶ್ನೆ ಕಿಲಿಯನ್‌ನನ್ನು ಕೇಳಿ ಬರೆದುಕೊಳ್ಳುತ್ತಿದ್ದ.

"ಏನಂತೆ?" ಎಂದ ಓಟ್ಮಾರ್, ಹಲ್ಲು ಕಟಕಟಿಸುತ್ತಾ.

"ದೋಣಿ ಮುದುಕ ಮೂರು ಜನ ಹತ್ತಿದ್ರು ಅಂತಿದಾನೆ. ದಡದಲ್ಲಿದ್ದೋರೂ ನೋಡಿದಾರಂತೆ. ಹಸಿರು ಟೋಪಿಯವನು ಮುಳುಗೋ ಮುಂಚೆ ಕೈ ಬೀಸಿದ್ನಂತೆ."

"ಬೀಸಿದ್ನಾ?"

"ಬೀಸಿದ್ನಂತೆ. ಟೋಪಿ ಬಲೆಗೆ ಸಿಕ್ಕಿದೆ. ಒಳಗೆ ಓಟ್ಮಾರ್ ಲಾಂಗರ್, ಲಿಂಟ್ಸ್ ಅಂತಿದೆ. ಹಾಗಾಗಿ ಸತ್ತವನು ಓಟ್ಮಾರ್ ಲಾಂಗರ್ ಅಂತ ಬರ್ಕೊಂಡಿದಾನೆ."

"ನಾನೇ ಓಟ್ಮಾರ್ ಲಾಂಗರ್ ಅಂತ ಹೇಳೋ!"

"ಹೇಳ್ದೆ. ಪಾಸ್‌ಪೋರ್ಟ್ ಎಲ್ಲಿ ಅಂತಾನೆ. ಪೆಟ್ಟಿಗೇಲಿತ್ತು, ಪೆಟ್ಟಿಗೆ ಸರೋವರದಲ್ಲಿದೆ. ನನ್ನದು ಜೇಬಲ್ಲಿ ಉಳ್ಕೊಂಡಿದೆ." ದಫೇದಾರ ಪೆನ್ನಿನಿಂದ ಓಟ್ಮಾರನನ್ನು ತೋರಿಸಿ ಏನೋ ಕೇಳಿದ. "ಈಗ, ನನ್ನ ಪಕ್ಕ ಕೂತಿರೋ ನೀನು ಯಾರು ಅಂತ ಕೇಳ್ತಿದಾನೆ."

"ಹೇಳು ಮತ್ತೆ!"

"ಯೋಚ್ನೆ ಮಾಡ್ತಿದೀನಿ."

ಕಿಲಿಯನ್ ಗೋಡೆ ನೋಡುತ್ತಿದ್ದ. ಅವನ ಬೆಳ್ಳಿ ಕೂದಲು ಹಣೆಗೆ ಅಂಟಿಕೊಂಡು ಮುಖ ತೀರಾ ಮುದಿಯಾಗಿ ಕಾಣುತ್ತಿತ್ತು.

ಓಟ್ಮಾರನಿಗೆ ತಡೆಯಲಾಗಲಿಲ್ಲ. ಅಳು ಒತ್ತರಿಸಿ ಬಂತು. "ನಾನು ನಿಂಗೆ ಸಾವು ಕೊಟ್ಟೆ ಕಣೋ. ಸ್ನೇಹಕ್ಕೆ ಅಂತ ಹೇಳಿ ಕೊಟ್ಟೆ. ನಿನ್ನ ಮುಖ ಕೂಡ ನೋಡ್ದೆ, ಕಿಟಕಿ ನೋಡ್ಕೊಂಡು ಕೊಟ್ಟೆ. ಯಾರೂ ಅಲ್ಲ ಅಂತ ಬರೆಸ್ಬಿಡು. ನಂಗೆ ಅದೇ ಸರಿ."

"ನಿಂಗೆ ಈಜು ಬರಲ್ಲ ಅಲ್ವಾ?" ಎಂದ ಕಿಲಿಯನ್.

"ಬರಲ್ಲ."

"ಬೂಟೂ ಬಿಚ್ಚಿರ್ಲಿಲ್ಲ."

"ಮರ್ತೆ."

ಕಿಲಿಯನ್ ಮೂಗು ಒರೆಸಿಕೊಂಡು ದಫೇದಾರನ ಕಡೆ ತಿರುಗಿ ನಾಲ್ಕು ಮಾತು ಹೇಳಿದ. ದಫೇದಾರ ಓಟ್ಮಾರನನ್ನು ಮೇಲಿಂದ ಕೆಳಗೆ ನೋಡಿ, ತಲೆಯಾಡಿಸಿ, ಬರೆದುಕೊಂಡ.

"ಏನಂದ್ಯೋ?"

"ಇದ್ದಿದ್ದು ಹೇಳ್ದೆ. ಹೇಡಿ, ಬುರುಡೆ ಪ್ರೊಫೆಸರ್ರು, ನಲವತ್ತು ವರ್ಷದಿಂದ ನನ್ನ ಗೆಳೆಯ, ಹೆಸರು ಓಟ್ಮಾರ್ ಲಾಂಗರ್ ಅಂದೆ."

ದಫೇದಾರ ಸತ್ತವನ ಹೆಸರಿನ ಮೇಲೆ ಗೆರೆ ಎಳೆದ. ಆಮೇಲೆ, ಬಿಡಿ ಮನುಷ್ಯರೇ, ಟೋಪಿ ತೊಗೊಂಡು ಮನೆಗೆ ಹೋಗಿ ಎಂಬಂತೆ ಕೈಯಾಡಿಸಿ, ಬಾಗಿಲಲ್ಲಿದ್ದ ಪೇದೆಗೆ ಕೂಗಿದ. ಪೇದೆ ಒಳಗೆ ಬಂದು ಹೇಳಿದ ಮಾತಿಗೆ ಕಿಲಿಯನ್ ಬಿಳಿಚಿಕೊಂಡ.

"ಏನಂತೆ?" ಎಂದ ಓಟ್ಮಾರ್.

"ಟೋಪಿ ಇಲ್ವಂತೆ. ನಮ್ಮ ಜೊತೆಯವರು ಈಗಷ್ಟೇ ಬಂದು ತೊಗೊಂಡ್ರಂತೆ. ಹೊರಗೆ ನಮಗೋಸ್ಕರ ಕಾಯ್ತಿದಾರಂತೆ."

ಇಬ್ಬರೂ ಬಹಳ ಹೊತ್ತು ಏಳಲಿಲ್ಲ. ಕಡೆಗೆ ದಫೇದಾರನೇ ಬೇಸತ್ತು ಎಬ್ಬಿಸಿದ. ಠಾಣೆಯ ಹೊರಗೆ ಗಾಳಿ ನಿಂತಿತ್ತು. ಬಸ್ಸು ನಿಲ್ಲುವ ಜಾಗಕ್ಕೆ ದಂಡೆಯ ಗುಂಟ ಒಂದೇ ದಾರಿ. ಅವರು ಕಂಬಳಿ ಹೊದ್ದುಕೊಂಡು ತೋಳಿಗೆ ತೋಳು ಸೇರಿಸಿ ನಡೆದರು. ಸ್ವಲ್ಪ ದೂರ ಹೋದಮೇಲೆ ಹಿಂದೆ, ಕಲ್ಲುಹಾಸಿನ ಮೇಲೆ, ಒದ್ದೆ ಬೂಟಿನ ಪಚಪಚ ಸದ್ದು ಕೇಳಿಸತೊಡಗಿತು.

"ಕಿಲಿಯನ್, ನಿನ್ನ ಬೂಟಾ ಅದು?"

"ನನ್ನ ಬೂಟು ಸರೋವರದಲ್ಲಿ ಹೋಯ್ತು. ಬರಿಗಾಲಲ್ಲಿದೀನಿ."

"ಹಿಂದೆ ನೋಡ್ಬೇಡ."

"ನೋಡಲ್ಲ. ನೀನು ಕೈ ಬಿಡ್ಬೇಡ."

"ಬಿಡಲ್ಲ ಕಣೋ" ಎಂದ ಓಟ್ಮಾರ್, "ಇನ್ನು ಬಿಡಲ್ಲ."